ಮೂರು ಬಿಳಿ ದೀಪಗಳು

ಎಡವಟ್ಟಾದದ್ದು ಬಟ್ಟೆ ಒಣಹಾಕುವ ಹಗ್ಗದಿಂದ. ಕ್ಲಿಪ್ಪು ಸಡಿಲವಿತ್ತು, ಗಾಳಿ ಬೀಸಿತು. ಮುದ್ರಣಾಲಯದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್ ಮಹಡಿಯ ಮೇಲೆ ಒಣಹಾಕಿದ್ದ ಕೆಂಪು ಉಡುಪು ಹಾರಿಹೋಗಿ, ಕೆಳಮನೆಯ ಪ್ರೂಫ್ ರೀಡರ್ ಓದುತ್ತಿದ್ದ ಭಾನುವಾರದ ಪತ್ರಿಕೆಯ ಮೇಲೆ ಬಿತ್ತು. ಬನಿಯನ್ನೂ ಚಡ್ಡಿಯೂ ಒಂದೇ ಆಗಿ ಹೊಲಿದ, ಮೈಗಂಟುವ ಉಡುಪು. ಅದೇ ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಪರರ ತಪ್ಪು ಹುಡುಕಿದ್ದ ಪ್ರೂಫ್ ರೀಡರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಟ್ಟಿಲು ಹತ್ತಿ ಬಂದ.

"ಏನ್ರೀ ಬೈಂಡ್ರೇ ಇದು? ಮಕ್ಕಳದ್ದಾದ್ರೆ ದೊಡ್ಡದಾಯ್ತು. ದೊಡ್ಡವರದ್ದಾದ್ರೆ ಮರ್ಯಾದೆಗೆ ಸಾಲೋದಿಲ್ಲ."

ಬೈಂಡರಿಗೆ ಐವತ್ತೆಂಟು ವರ್ಷ. ಅಂಗಿ ತೊಟ್ಟರೆ ಹ್ಯಾಂಗರಿಗೆ ತೂಗುಹಾಕಿದಂತೆ ಕಾಣುವ ಮೈ. ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಭಾರ ಎತ್ತೋ ಸ್ಪರ್ಧೆ. ಬೆಂಚ್ ಪ್ರೆಸ್ಸು, ಮಲಗ್ಕೊಂಡು ಎತ್ತೋದು. ಇವತ್ತು ಹತ್ತೂವರೆಗೆ, ಶಾಲೆ ಹಾಲಿನಲ್ಲಿ. ನಿಮ್ಮ ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

"ಛೆ! ನನ್ನ ಬಾಯಿಂದ ಹೊರಗೆ ಬರುತ್ತಾ?" ಎಂದು ಪ್ರೂಫ್ ರೀಡರ್ ಎದೆ ಮುಟ್ಟಿಕೊಂಡ. ಹತ್ತೂವರೆಗೆ ಇಡೀ ಮುದ್ರಣಾಲಯವೇ ಶಾಲೆಯ ಹಾಲಿನಲ್ಲಿ ಮುಂದಿನ ಸಾಲು ಹಿಡಿದು ಕೂತಿತ್ತು.

ಗುಟ್ಟು ಮಾಡಲು ಕಾರಣವಿತ್ತು. ಬೈಂಡರಿಗೆ ಒಬ್ಬಳೇ ಮಗಳು. ಕಾಲೇಜಿನಲ್ಲಿದ್ದಾಗ ಅವಳಿಗೆ ಭಾರ ಎತ್ತುವ ಹುಚ್ಚು ಹತ್ತಿತು. ಒಂದು ಸಂಜೆ ಬೆಂಚ್ ಪ್ರೆಸ್ಸಿನಲ್ಲಿ ತೊಂಬತ್ತು ಕಿಲೋ ಎತ್ತಿ ಗೆದ್ದ ಪದಕ ಹಿಡಿದು ಮನೆಗೆ ಬಂದಳು. ಮನೆ ತುಂಬ ನೆಂಟರು. ನಾಲ್ಕು ಜನರನ್ನು ನಗಿಸುವ ಚಪಲಕ್ಕೆ ಬೈಂಡರ್, "ಇನ್ನೇನು, ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರೋ ಕೆಲಸ ಖಾಯಂ ಆಯ್ತು ಬಿಡು. ಯೂನಿಫಾರ್ಮೂ ಅವರೇ ಕೊಡ್ತಾರೆ" ಅಂದುಬಿಟ್ಟ. ಎಲ್ಲರೂ ನಕ್ಕರು. ಮಗಳೂ ನಕ್ಕಳು. ತಿಂಗಳು ಕಳೆಯುವುದರೊಳಗೆ ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ ಹಿಡಿದು ಹೊರಟುಹೋದಳು. ಅದಾಗಿ ನಾಲ್ಕು ವರ್ಷ. ಅಮ್ಮನ ಜೊತೆ ಮಾತುಂಟು, ಅಪ್ಪನ ಜೊತೆ ಇಲ್ಲ. ಜಗಳವೂ ಇರಲಿಲ್ಲ. ಇದ್ದಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು.

ತಪ್ಪಾಯಿತು ಅನ್ನಲು ಬೈಂಡರಿಗೆ ಬಾಯಿ ಬರಲಿಲ್ಲ. ಅದರ ಬದಲು ಕಳೆದ ವರ್ಷ ಒಂದು ಬೆಳಿಗ್ಗೆ ಮನೆ ಹತ್ತಿರದ ಜಿಮ್ಮಿನ ಬಾಗಿಲಲ್ಲಿ ನಿಂತು, "ಬೆಂಚ್ ಪ್ರೆಸ್ ಅಂದ್ರೆ ಏನು ಅಂತ ತಿಳ್ಕೋಬೇಕಿತ್ತು" ಎಂದ. ಮೊದಲ ದಿನ ತೂಕವೇ ಹಾಕದ ಬರೀ ಕಬ್ಬಿಣದ ಸರಳು ಎದೆಯ ಮೇಲೆ ಕೂತು ಏಳಲೊಲ್ಲದು. ಇಸ್ತ್ರಿ ಪೆಟ್ಟಿಗೆಯಡಿ ಸಿಕ್ಕ ಕರ್ಚೀಫಿನಂತೆ ಬೈಂಡರ್ ಮುದುಡಿಹೋದ.

"ಬರೀ ಕೈಯಲ್ಲಿ ತಳ್ಳೋದಲ್ಲ ಅಂಕಲ್," ಎಂದು ಜಿಮ್ಮಿನ ಕೋಚ್ ಹೇಳಿಕೊಟ್ಟ. "ಎರಡೂ ಭುಜದ ಮೂಳೆ ಹಿಂದಕ್ಕೆಳೆದು ಬಿಗಿ ಮಾಡಿ. ಕಾಲು ನೆಲಕ್ಕೆ ಒತ್ತಿ. ಮೊಣಕೈ ರೆಕ್ಕೆ ಥರ ಅಗಲಿಸ್ಬೇಡಿ. ಉಸಿರು ತುಂಬ್ಕೊಂಡು ಎದೆಯ ಕೆಳಗಡೆಗೆ ಇಳಿಸಿ. ಅಲ್ಲಿ ನಿಲ್ಲಿಸಿ. ಆತುರ ಬೇಡ."

ಹೊಲಿದ ಹಾಳೆಗಳನ್ನು ಬಿಗಿಯದೆ ರಟ್ಟು ಹಾಕಿದರೆ ಪುಸ್ತಕ ನಾಲ್ಕು ದಿನ ಬಾಳುವುದಿಲ್ಲ ಎಂಬುದು ಬೈಂಡರಿಗೆ ಗೊತ್ತಿತ್ತು. ಇದೂ ಅದೇ ಅಂದುಕೊಂಡ. ಇಪ್ಪತ್ತು ಕಿಲೋ ಮೂವತ್ತಾಯಿತು, ಮೂವತ್ತು ನಲವತ್ತೈದಾಯಿತು. ಒಂದೊಂದು ಕಿಲೋ ಏರಿದಾಗಲೂ, ತೊಂಬತ್ತು ಅಂದರೆ ಎಷ್ಟು ಎಂಬುದು ಅವನ ಎದೆಗೇ ಅರ್ಥವಾಗುತ್ತ ಹೋಯಿತು. ಒಂದು ಪದಕ ಗೆದ್ದು, ಅದನ್ನು ಅವಳ ಬಾಗಿಲಿಗೆ ಒಯ್ದು, "ಈಗ ನೀನು ನಗು" ಅನ್ನಬೇಕೆಂದು ಆಸೆ.

ಐವತ್ತೈದು ದಾಟಿದವರ ಗುಂಪಿನಲ್ಲಿ ಇದ್ದವರು ಇಬ್ಬರೇ: ಬೈಂಡರ್, ಮತ್ತೆ ಒಬ್ಬ ಬೇಕರಿಯವನು. ಬೇಕರಿಯವನು ಹಿಟ್ಟಿನ ಮೂಟೆ ಎಸೆದಷ್ಟು ಸುಲಭವಾಗಿ ನಲವತ್ತೇಳೂವರೆ ಎತ್ತಿಟ್ಟು ಮೀಸೆ ತಿರುವಿದ. ಬೈಂಡರ್ ಐವತ್ತು ಎಂದು ಬರೆಸಿದ. ಅವಕಾಶ ಮೂರು.

ಮಲಗಿದ, ಸರಳು ಹಿಡಿದ, ಎದೆಗೆ ಇಳಿಸಿದ. ಮುಖ್ಯ ತೀರ್ಪುಗಾರರು "ಪ್ರೆಸ್" ಅನ್ನುವವರೆಗೆ ತಡೆದು, ಆಮೇಲೆ ತಳ್ಳಬೇಕು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಮುದ್ರಣಾಲಯದ ಮೆಷಿನ್‌ಮನ್, "ನಮ್ಮ ಪ್ರೆಸ್ಸಿಗೆ ಜೈ!" ಎಂದು ಕೂಗಿದ. ಬೈಂಡರ್ ತಳ್ಳಿಬಿಟ್ಟ.

ಮೂವರು ತೀರ್ಪುಗಾರರಿಗೆ ಒಂದೊಂದು ದೀಪ: ಸರಿಯಾದರೆ ಬಿಳಿ, ತಪ್ಪಾದರೆ ಕೆಂಪು. ಮೂರೂ ಕೆಂಪು ಹತ್ತಿದವು. "ನಾನು ಹೇಳೋಕೆ ಮುಂಚೆ ತಳ್ಳಿದ್ರಿ" ಎಂದರು ಮುಖ್ಯ ತೀರ್ಪುಗಾರರು, ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಬೈಂಡರ್ ಎದ್ದು ಕೂತು ಪೆಚ್ಚಾಗಿ ದೀಪಗಳನ್ನು ನೋಡಿದ. ಬಲಗಡೆಯ ದೀಪದ ಸ್ವಿಚ್ಚು ಹಿಡಿದು, ನೀಲಿ ಕೋಟು ತೊಟ್ಟು ಕೂತಿದ್ದವಳು ಅವನ ಮಗಳು. ಕೋಟಿನ ಮೇಲೆ ತೀರ್ಪುಗಾರರ ಹೊಚ್ಚಹೊಸ ಬ್ಯಾಡ್ಜು.

ಎರಡನೇ ಸಲ ಮಲಗಿದಾಗ ಭುಜವೂ ನೆನಪಾಗಲಿಲ್ಲ, ಕಾಲೂ ನೆನಪಾಗಲಿಲ್ಲ. ಬಲಗಡೆ ತಿರುಗಿ ನೋಡುವ ಆಸೆಯೊಂದೇ. ಭಾರ ಮೇಲೇರುವಾಗ ಸೊಂಟವೂ ಜೊತೆಗೇ ಎದ್ದಿತು. ಮತ್ತೆ ಕೆಂಪು. ಮಗಳದ್ದೂ ಕೆಂಪೇ.

ಮೂರನೇ ಸಲ ಬೈಂಡರ್ ಕಣ್ಣುಮುಚ್ಚಿಕೊಂಡ. ಅವಳ ಮುಂದೆ ಇನ್ನೊಂದು ತಪ್ಪು ಮಾಡಬಾರದು ಎನಿಸಿತು. ಭುಜ ಬಿಗಿಯಾಯಿತು, ಪಾದ ನೆಲಕ್ಕೆ ಕಚ್ಚಿಕೊಂಡಿತು. ಸರಳು ಎದೆ ಮುಟ್ಟಿ ನಿಂತಿತು. ಹಾಲಿನಲ್ಲಿ ಕೆಮ್ಮು ಕೂಡ ಇಲ್ಲ. "ಪ್ರೆಸ್" ಎಂಬ ಮಾತು ಬಂತು. ತಳ್ಳಿದ. ತೋಳು ನಡುಗಿದವು, ಆದರೆ ಸರಳು ವಾಲದೆ ಮೇಲಕ್ಕೆ ಹೋಗಿ ನಿಂತಿತು.

ಮೂರೂ ಬಿಳಿ.

ಪ್ರೂಫ್ ರೀಡರ್ ಕುರ್ಚಿಯ ಮೇಲೆ ಹತ್ತಿ ಕುಣಿದ. "ಮೂರೂ ಬಿಳಿ! ಅದರಲ್ಲಿ ಒಂದು ನಮ್ಮ ಬೈಂಡರ ಮಗಳದ್ದೇ ಕಣ್ರೀ!"

"ಏನಂದ್ರಿ? ಮಗಳಾ?" ಬೇಕರಿಯವನು ಎದ್ದು ನಿಂತ. "ಅಪ್ಪ ಎತ್ತೋದು, ಮಗಳು ದೀಪ ಹಾಕೋದು! ಇದೇನು ಸ್ಪರ್ಧೆನಾ, ನಿಮ್ಮ ಮನೆ ಫಂಕ್ಷನ್ನಾ? ನಾನು ದೂರು ಕೊಡ್ತೀನಿ."

ಮುಖ್ಯ ತೀರ್ಪುಗಾರರು ಬೈಂಡರನ್ನು ಮೇಜಿನ ಬಳಿ ಕರೆದರು. ಮುಂದೆ ಒಂದು ಹಾಳೆ ಇಟ್ಟರು.

"ದೂರು ಬಂದ್ಮೇಲೆ ಕೇಳ್ಬೇಕಾಗುತ್ತೆ. ಬಲಗಡೆ ಕೂತಿದ್ದ ತೀರ್ಪುಗಾರರು ನಿಮಗೆ ಏನಾಗ್ಬೇಕು?"

ಬೈಂಡರಿಗೆ ಮಗಳ ಕೋಟಿನ ಮೇಲಿನ ಹೊಸ ಬ್ಯಾಡ್ಜು ಕಣ್ಣಿಗೆ ಕಟ್ಟಿತು. ಮೊದಲ ಸಲವೇ ಅಪ್ಪನಿಗೆ ಬಿಳಿ ದೀಪ ಹಾಕಿದಳೆಂದು ನಾಳೆ ಊರೆಲ್ಲ ಆಡಿಕೊಳ್ಳುತ್ತದೆ. ಬ್ಯಾಡ್ಜು ಕಿತ್ತುಕೊಂಡರೂ ಕಿತ್ತುಕೊಂಡಾರು. ಒಮ್ಮೆ ಅವಳ ಖುಷಿ ಹಾಳು ಮಾಡಿದ್ದು ಸಾಕು. ಜೀವಮಾನದಲ್ಲಿ ಸುಳ್ಳಾಡದವನು, ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ:

"ಏನೂ ಆಗ್ಬೇಕಿಲ್ಲ ಸಾರ್. ಅವರು ಯಾರೋ, ನಾನು ಯಾರೋ."

ಹಾಳೆಯ ಮೇಲೆ ಹಾಗೇ ಬರೆದು ಸಹಿಯನ್ನೂ ಹಾಕಿದ. ತಲೆಯೆತ್ತಿದರೆ ಮುಖ್ಯ ತೀರ್ಪುಗಾರರ ಮುಖ ಬಾಡಿತ್ತು. ಅವರು ಕಡತದಿಂದ ಇನ್ನೊಂದು ಹಾಳೆ ತೆಗೆದು ತಿರುಗಿಸಿ ಇಟ್ಟರು.

"ಇದೇನು ಮಾಡ್ಕೊಂಡ್ರಿ? ಅವರು ಬೆಳಿಗ್ಗೆನೇ ಬರೆದುಕೊಟ್ಟಿದ್ದಾರೆ, ನೋಡಿ."

'ಸ್ಪರ್ಧಿಗಳಲ್ಲಿ ಸಂಬಂಧಿಕರು ಇದ್ದರೆ ತಿಳಿಸುವುದು' ಎಂಬಲ್ಲಿ ಬೈಂಡರನ ಹೆಸರು, ಅದರ ಎದುರಿಗೆ 'ನನ್ನ ತಂದೆ' ಎಂದು ಮಗಳ ದುಂಡು ಅಕ್ಷರ.

"ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ, ಇದು ಬೆಂಚ್ ಪ್ರೆಸ್ ಪಟ್ಟಿನೇ ತಾನೆ ಸಾರ್ ಅಂತ ಎರಡು ಸಲ ಕೇಳಿದ್ರು. ಆಮೇಲೆ ನಗ್ತಾ ನಗ್ತಾ ಬರೆದ್ರು. ನಿಮ್ಮ ಸರದೀಲಿ ಅವರ ದೀಪ ಲೆಕ್ಕಕ್ಕಿಲ್ಲ ಅಂತ ಆಗಲೇ ತೀರ್ಮಾನ ಆಗಿತ್ತು. ಉಳಿದ ಎರಡು ಬಿಳಿ ಸಾಕಿತ್ತು ನಿಮಗೆ. ಮಗಳು ಅಂತ ಒಂದು ಮಾತು ಹೇಳಿದ್ರೆ ಪದಕ ಕೊಟ್ಟು ಕಳಿಸ್ತಿದ್ದೆ. ಈಗ ಸುಳ್ಳಿಗೆ ಸಹಿ ಹಾಕಿದ್ದೀರಿ. ನಾನೇನು ಮಾಡ್ಲಿ?"

ಬೈಂಡರ್ ಹಿಂದೆ ತಿರುಗಿದ. ಮಗಳು ಮೂರೇ ಹೆಜ್ಜೆ ದೂರದಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಟವೆಲ್ಲು, ಇನ್ನೊಂದರಲ್ಲಿ ನೀರಿನ ಬಾಟಲಿ. ಅಪ್ಪನಿಗೆಂದೇ ತಂದಂತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೀವೇ ಹೇಳಮ್ಮ, ಈ ಎರಡು ಹಾಳೇಲಿ ಯಾವುದು ಇಟ್ಕೊಳ್ಳಲಿ?" ಎಂದು ಮುಖ್ಯ ತೀರ್ಪುಗಾರರು ಅವಳನ್ನು ಕೇಳಿದರು.

ಅವಳು ಬಾಟಲಿ, ಟವೆಲ್ಲು ಎರಡನ್ನೂ ಮೇಜಿನ ಮೇಲಿಟ್ಟಳು.

"ಅವರು ಹೇಳಿದ್ದೇ ಇರ್ಲಿ ಸಾರ್."

ಪೆನ್ನು ತೆಗೆದುಕೊಂಡು ತಾನು ಬರೆದಿದ್ದ ಎರಡು ಪದಗಳ ಮೇಲೆ ಗೆರೆ ಎಳೆದಳು.

"ಪುಟ್ಟೀ, ನಿನಗೆ ತೊಂದ್ರೆ ಆಗ್ಬಾರ್ದು ಅಂತ ನಾನು..."

"ಮುಂದಿನ ಗುಂಪಿನವರು ಕಾಯ್ತಿದ್ದಾರೆ," ಎಂದಳು ಅಪ್ಪನ ಕಡೆ ತಿರುಗಿ. "ಸ್ವಲ್ಪ ಜಾಗ ಬಿಡಿ ಸಾರ್."

ಸುಳ್ಳಿಗೆ ಸಹಿ ಹಾಕಿದ್ದಕ್ಕೆ ಬೈಂಡರನ ಹೆಸರು ಹೊಡೆದುಹಾಕಿದರು; ಪದಕ ಬೇಕರಿಯವನ ಕೊರಳಿಗೆ ಬಿತ್ತು. ಬೈಂಡರ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಪ್ರೂಫ್ ರೀಡರ್ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದ, "ಅಲ್ಲ ಬೈಂಡ್ರೇ, ನಾನು ಹೇಳಿದ್ರಲ್ಲಿ ತಪ್ಪೇನಿತ್ತು?"

"ಏನೂ ಇರ್ಲಿಲ್ಲ," ಎಂದ ಬೈಂಡರ್. ಕೆಂಪು ಉಡುಪಿನ ಮೇಲೆ ಅಂಗಿ ಹಾಕಿಕೊಳ್ಳಲು ಹೋದ. ಐವತ್ತು ಕಿಲೋ ಎತ್ತಿದ್ದ ಕೈಗೆ ತೋಳಿನ ತೂತು ಸಿಗಲಿಲ್ಲ. ಪ್ರೂಫ್ ರೀಡರನೇ ಹಿಡಿದು ತೊಡಿಸಬೇಕಾಯಿತು.