ಹಳದಿ ಗೋಡೆಗೆ ಅಂಟಿಕೊಂಡ ಬೀಗತನ

ಧಾರವಾಡದಲ್ಲಿ ಇನ್ನು ಮುಂದೆ ಹಳದಿ ಮನೆ ಎಂದರೆ ನಮ್ಮದೊಂದೇ ಆಗಿರಬೇಕು, ಉಳಿದ ಹಳದಿ ಮನೆಗಳೆಲ್ಲ ಅದರ ಮುಂದೆ ಕಾಮಾಲೆಯಾದವರಂತೆ ಕಾಣಬೇಕು ಎಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ! ಕೃಷಿ ಇಲಾಖೆಯಲ್ಲಿ ಇಡೀ ನೌಕರಿ ಹುಳಗಳ ಹಿಂದೆ ಓಡಾಡಿ ನಿವೃತ್ತನಾದವನಿಗೆ ಇಷ್ಟಾದರೂ ಮಹತ್ವಾಕಾಂಕ್ಷೆ ಬೇಡವೇ?

ಕಾರಣವೂ ಸಣ್ಣದಲ್ಲ. ನಮ್ಮ ಮಗ ಕಪಿಲ ತನ್ನ ಜೊತೆ ಕಾಲೇಜಿನಲ್ಲಿ ಪಾಠ ಹೇಳುವ ಋತುಜಾಳನ್ನು ಮೆಚ್ಚಿದ್ದ. ಅವಳೂ ಇವನನ್ನು ಮೆಚ್ಚಿದ್ದಳು; ಅದು ಹೇಗೆಂಬುದು ನನಗಾಗಲಿ ಅವನ ತಾಯಿಗಾಗಲಿ ಇನ್ನೂ ಬಗೆಹರಿದಿಲ್ಲ. ಇನ್ನು ಉಳಿದದ್ದು ಒಂದೇ, ಹುಡುಗಿಯ ತಂದೆ ದತ್ತೋಪಂತರು ನಮ್ಮ ಮನೆ ನೋಡಲು ಬರುವುದು. ಅವರು ಕುಂದಗೋಳದ ಕಡೆ ಮೆಣಸಿನಕಾಯಿ ಬೆಳೆಯುವವರು, ಮಾತು ಕಡಿಮೆ. ಮನೆ ಮನಸ್ಸಿಗೆ ಬಂದರೆ ಅಲ್ಲೇ ಸಕ್ಕರೆ ತರಿಸಿ ಎಲ್ಲರ ಬಾಯಿಗೆ ಹಾಕಿ ಸಂಬಂಧ ಕೂಡಿಸುತ್ತಾರೆ, ಬಾರದಿದ್ದರೆ ಚಹಾ ಕುಡಿದು ‘ತಿಳಸ್ತೇವಿ’ ಎಂದು ಎದ್ದುಹೋಗುತ್ತಾರೆ ಎಂದು ಕಪಿಲ ಮೊದಲೇ ಹೆದರಿಸಿಟ್ಟಿದ್ದ. ದೊಡ್ಡ ಮಗಳ ಹೊತ್ತಿನಲ್ಲಿ ಹಾಗೆ ಹೇಳಿ ಎದ್ದುಬಂದ ಮನೆಗಳಿಗೆ ಅವರು ಇಂದಿಗೂ ಏನನ್ನೂ ತಿಳಿಸಿಲ್ಲವಂತೆ.

ನನ್ನ ಯೋಜನೆ ಕೇಳಿ ಹೆಂಡತಿ ಕಾಶೀಬಾಯಿ ಸೊಪ್ಪು ಸೋಸುವ ಕೈ ನಿಲ್ಲಿಸಲಿಲ್ಲ.

“ಮನಿ ನೋಡೂದಂದ್ರ ಮನ್ಯಾಗಿನ ಮಂದೀನ್ನ ನೋಡೂದ್ರಿ. ಗ್ವಾಡಿ ನೋಡಿ ಯಾರೂ ಹೆಣ್ಣು ಕೊಡಂಗಿಲ್ಲ.”

“ಮಂದೀನ್ನ ನೋಡಿ ಕೊಡ್ತಾರಂತ ನನಗ ಧೈರ್ಯ ಇಲ್ಲ. ಅದಕ್ಕ ಗ್ವಾಡೀನ ಮುಂದ ಮಾಡ್ಲಿಕತ್ತೇನಿ,” ಎಂದೆ.

ಮೊಬೈಲ್ ಹಿಡಿದು ಕೂತೆ. ಅಬ್ಬಾ, ಜಗತ್ತಿನಲ್ಲಿ ಎಷ್ಟು ಹಳದಿ ಮನೆಗಳು! ಗ್ರೀಕರ ಗುಂಡುಕಂಬದ ಹಳದಿ ಮನೆ, ರಾಜಸ್ಥಾನದ ಝರೋಕಾ ಕಿಟಕಿಯ ಹಳದಿ ಹವೇಲಿ, ಗೋವಾದ ಪೋರ್ಚುಗೀಸರ ಬಾಲ್ಕನಿ, ಕೇರಳದ ಇಳಿಜಾರು ಹೆಂಚಿನ ಮಾಡು. ಒಂದನ್ನು ಆರಿಸಿದರೆ ಉಳಿದವರಿಗೆ ಅವಮಾನ ಮಾಡಿದ ಹಾಗಾಗುತ್ತದೆ. ನಾನು ಯಾರಿಗೂ ಅವಮಾನ ಮಾಡುವವನಲ್ಲ. ತಾರಿಹಾಳದ ವರ್ಕ್‌ಶಾಪಿನಿಂದ ಫೈಬರ್ ಕಂಬ ತರಿಸಿ ಪಡಸಾಲೆಯ ಮುಂದೆ ಗ್ರೀಸನ್ನು ನಿಲ್ಲಿಸಿದೆ. ಬಾಲ್ಕನಿಗೆ ಗೋವಾ ಬಂತು. ರಾಜಸ್ಥಾನಕ್ಕೆ ರಸ್ತೆಯ ಕಡೆ ಬಚ್ಚಲಮನೆಯ ಕಿಟಕಿಯೊಂದೇ ಖಾಲಿ ಉಳಿದಿತ್ತು, ಅಲ್ಲಿಗೆ ಝರೋಕಾ ಕೂರಿಸಿದೆ. ಕೇರಳಕ್ಕೆ ಎಲ್ಲೂ ಜಾಗ ಸಿಗದೆ ಮಾಳಿಗೆಯ ಮೇಲಿನ ನೀರಿನ ಟಾಕಿಗೆ ಹೆಂಚಿನ ಮಾಡು ಕಟ್ಟಿಸಿದೆ.

ಬಣ್ಣ ಬಳಿಯಲು ಹಳೇ ಹುಬ್ಬಳ್ಳಿಯಿಂದ ಬಂದ ಮೌಲಾಲಿ ಗೇಟಿನ ಹತ್ತಿರವೇ ನಿಂತುಬಿಟ್ಟ. ಕೆಳಗಿನಿಂದ ಮೇಲಿನವರೆಗೆ ನೋಡಿ ಬಹಳ ಮರ್ಯಾದೆಯಿಂದ ಕೇಳಿದ:

“ಸಾಹೇಬ್ರ, ಇದು ಒಬ್ಬರ ಮನೀನೋ, ಅಣ್ಣತಮ್ಮಂದಿರು ಪಾಲು ಹಂಚ್ಕೊಂಡಿದ್ದೋ?”

ಅಸೂಯೆ ಎಂದುಕೊಂಡೆ. ಹೊರಗೋಡೆಗೆ ಎಲ್ಲರೂ ಹಚ್ಚಿಸುವ ಬಣ್ಣ ನನಗೆ ಬೇಡವಾಗಿತ್ತು. ಗೋಡೆಯಲ್ಲಿ ಬೀಗರು ತಮ್ಮ ಮುಖ ನೋಡಿ ಮೀಸೆ ತಿದ್ದಿಕೊಳ್ಳಬೇಕು, ಹಾಗೆ ಮಿಂಚುವ ಎಣ್ಣೆ ಬಣ್ಣವೇ ಆಗಬೇಕೆಂದು ಹಟ ಹಿಡಿದೆ. ಅದರಲ್ಲೂ ಅಂಗಡಿಯಲ್ಲಿದ್ದ ಹಳದಿಗಳಲ್ಲೆಲ್ಲ ಕಣ್ಣು ಕುಕ್ಕುವ ನಿಂಬೆ ಹಳದಿ. ಮೋಡ ಮುಸುಕಿದ್ದರಿಂದ ಕೆಲಸ ತಡವಾಗಿ, ದತ್ತೋಪಂತರು ಬರುವ ಹಿಂದಿನ ಸಂಜೆ ಮುಗಿಯಿತು. ಬಿಸಿಲು ಬೀಳುವ ತನಕ ಒಣಗುವುದಿಲ್ಲ, ಕೈ ಹಚ್ಚಬೇಡಿ ಎಂದು ಹೇಳಿ ಮೌಲಾಲಿ ಹೋದ. ಕೈ ಹಚ್ಚುವುದಿರಲಿ, ಗೋಡೆಯ ಹತ್ತಿರ ಉಸಿರಾಡಲಿಕ್ಕೂ ನಾನು ಯಾರನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ನನ್ನ ಕೃತಿಯನ್ನು ಆನಂದಿಸಲು ಹೊರಗೆ ಬಂದೆ. ಗೋಡೆಯ ತುಂಬ ಯಾರೋ ಗಸಗಸೆ ಉದುರಿಸಿದ್ದರು. ಹತ್ತಿರ ಹೋಗಿ ನೋಡಿದರೆ ಗಸಗಸೆ ಕಾಲು ಆಡಿಸುತ್ತಿತ್ತು!

ಎಲ್ಲ ನನ್ನ ಪರಿಚಯದವರೇ. ಬಿಳಿನೊಣ, ಸಸ್ಯಹೇನು, ಜಿಗಿಹುಳು. ನೌಕರಿಯುದ್ದಕ್ಕೂ ನಾನು ಹುಡುಕಿಕೊಂಡು ಹೋಗುತ್ತಿದ್ದವರು ಈಗ ಸಕುಟುಂಬ ಸಪರಿವಾರ ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ನಮ್ಮದು ಸತ್ತೂರಿನಾಚೆಯ ಹೊಸ ಬಡಾವಣೆ, ಕಂಪೌಂಡ್ ದಾಟಿದರೆ ಹತ್ತಿ, ಮೆಣಸಿನಕಾಯಿ ಹೊಲ. ಮೊದಲು ಬಂದವರು ಹಸಿ ಬಣ್ಣಕ್ಕೆ ಅಂಟಿಕೊಂಡಿದ್ದರು, ತಡವಾಗಿ ಬಂದವರು ಜಾಗ ಹುಡುಕುತ್ತಿದ್ದರು.

ಕಾಶೀಬಾಯಿ ಬಂದು ಗೋಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಊರೂರು ತಿರುಗಿ ರೈತರಿಗೆ ಏನ್ ಹೇಳ್ತಿದ್ರಿ? ತಗಡಿಗೆ ಹಳದಿ ಬಣ್ಣಾ ಬಳದು, ಮ್ಯಾಲೆ ಔಡಲೆಣ್ಣಿ ಸವರಿ ಹೊಲದಾಗ ನಿಲ್ಲಸ್ರಿ, ಹುಳಾ ತಾವಾಗೇ ಬಂದು ಅಂಟ್ಕೋತಾವ ಅಂತ ಅಲ್ಲಾ?”

“ಹೌದು.”

“ರೇಡಿಯೋದಾಗೂ ಹೇಳಿದ್ರಿ, ನಾ ಕೇಳೇನಿ. ಇಡೀ ಜಿಲ್ಲಾದಾಗ ಅದನ್ನ ಕೇಳದವರು ನೀವೊಬ್ರ ನೋಡ್ರಿ.”

ಜಗಳಕ್ಕೆ ಹೊತ್ತಿರಲಿಲ್ಲ. ಕಸಬರಿಗೆಯಿಂದ ಗುಡಿಸಿದೆ, ಗಸಗಸೆ ಹೋಗಿ ಕಪ್ಪು ಪಟ್ಟೆ ಬಂತು, ಕಸಬರಿಗೆಯ ಅರ್ಧ ಕಡ್ಡಿ ಗೋಡೆಗೇ ಉಳಿಯಿತು. ಬಣ್ಣ ಒಣಗಲೆಂದು ಟೇಬಲ್ ಫ್ಯಾನ್ ತಂದು ಹಚ್ಚಿದೆ. ಅದು ಅಂಗಳದ ಕೆಂಪು ಧೂಳನ್ನು ಎಬ್ಬಿಸಿ ಹೊಡೆಯಿತು. ಕಡೆಗೆ ಗ್ರೀಸಿನ ಮಾನವನ್ನಾದರೂ ಮುಚ್ಚೋಣವೆಂದು ಕಂಬಗಳಿಗೆ ಹೂವಿನ ಚಿತ್ರದ ಹಾಸಿಗೆ ಚಾದರ ಸುತ್ತಿದೆ. ಹೆಣಕ್ಕೆ ಸುತ್ತಿದಂತಿದೆ, ಅಪಶಕುನ, ತೆಗೆಯಿರಿ ಎಂದು ಕಾಶೀಬಾಯಿ ಹೇಳಿದ್ದಕ್ಕೆ ಎಳೆದರೆ ಅರ್ಧ ಚಾದರ ಮಾತ್ರ ನನ್ನ ಕೈಗೆ ಬಂತು. ಅಷ್ಟರಲ್ಲಿ ಗೇಟಿನ ಮುಂದೆ ದತ್ತೋಪಂತರ ಗಾಡಿ ನಿಂತಿತು.

ಕಪಿಲ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಮೆಚ್ಚಿದ ಹುಡುಗಿ, ಕೂಡಿಬಂದ ಹೊತ್ತು, ಎಲ್ಲವನ್ನೂ ನಾನೇ ಹಾಳುಮಾಡಿದ್ದೆ.

ದತ್ತೋಪಂತರು ಒಳಗೆ ಬರಲಿಲ್ಲ, ನೇರವಾಗಿ ಗೋಡೆಯ ಹತ್ತಿರ ಹೋದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ನೀವು ನಮ್ಮೂರಿಗೆ ಬಂದು ಹೇಳಿಹೋದಾಗಿಂದ ನಾ ಹೊಲದಾಗ ಹಳದಿ ತಗಡು ಹಚ್ಚೇನಿ. ಭಾಳ ಉಪಯೋಗ ಆತು. ಆದ್ರ ನೀವು ಇಡೀ ಮನೀನ ಹಚ್ಚೀರಲ್ಲ?”

ನನಗೆ ಸ್ವರ್ಗದ ಬಾಗಿಲು ತೆರೆದಂತಾಯಿತು. “ಪ್ರಯೋಗರೀ,” ಎಂದೆ. ರೈತರ ಸಲುವಾಗಿ ಮನೆಯನ್ನೇ ಮುಡಿಪಿಟ್ಟಿದ್ದೇನೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು ಅಷ್ಟು ಶ್ರದ್ಧೆಯಿಂದ ಕೇಳುತ್ತಿದ್ದರಲ್ಲ, ಮುಂದಿನ ಹಂಗಾಮಿಗೆ ಒಳಗಿನ ಖೋಲಿಗಳಿಗೂ, ಅಡುಗೆಮನೆಗೂ ವಿಸ್ತರಿಸುವ ವಿಚಾರವಿದೆ ಎಂದೂ ಸೇರಿಸಿದೆ! ಕಪಿಲ ಸುಮ್ಮಸುಮ್ಮನೆ ಕೆಮ್ಮತೊಡಗಿದ.

ಒಳಗೆ ಬಂದು ಕೂತ ದತ್ತೋಪಂತರ ಮುಖ ಸಣ್ಣಗಾಗಿತ್ತು. ಚಹಾ ಕುಡಿದರು. ಅವಲಕ್ಕಿ ಮುಟ್ಟಲಿಲ್ಲ. “ತಿಳಸ್ತೇವಿ,” ಎಂದು ಎದ್ದರು.

ಕಾಶೀಬಾಯಿ ಬಿಡಲಿಲ್ಲ. ಮನಸ್ಸಿನಲ್ಲಿ ಏನಿದೆಯೋ ಹೇಳಿಯೇ ಹೋಗಿರೆಂದು ಬಾಗಿಲಿಗೆ ಅಡ್ಡ ನಿಂತಳು.

“ತಪ್ಪು ತಿಳ್ಕೋಬ್ಯಾಡ್ರಿ ವೈನಿ. ಹುಡುಗ ಭಾಳ ಛಲೋ ಇದ್ದಾನ,” ಎಂದರು ದತ್ತೋಪಂತರು. “ಆದ್ರ ತಿಳದೂ ತಿಳದೂ ಮನೀಗೆ ಹುಳಾ ಕರಕೊಳ್ಳೋ ಹಿರೇರು ಇದ್ದಾಗ, ಮಗಳನ್ನ ಹೆಂಗ ಕೊಡ್ಲಿ? ನಾಳೆ ಅಕಿ ಅಡಗಿಮನ್ಯಾಗ ಇವರು ಏನು ಬಿಡ್ತಾರೋ ಅಂತ ನನಗ ಅಂಜಿಕಿ.”

“ತಿಳದು ಮಾಡಿಲ್ರೀ. ಚಂದ ಕಾಣ್ಲಿ ಅಂತ ಮಾಡ್ಯಾರ. ಹುಳದ್ದು ಅವರಿಗೆ ನೆನಪ ಇದ್ದಿಲ್ಲ.”

ನಾನು ವಿಜ್ಞಾನದ ಪರವಾಗಿ ಬಾಯಿ ತೆರೆದೆ. ಹೆಂಡತಿ ನೋಡಿದ ನೋಟಕ್ಕೆ ಮುಚ್ಚಿದೆ. ದತ್ತೋಪಂತರಿಗೆ ಮಾತ್ರ ನಂಬಿಕೆ ಬರಲಿಲ್ಲ. ಇಷ್ಟು ಓದಿದವರು, ಊರಿಗೆಲ್ಲ ಬುದ್ಧಿ ಹೇಳಿದವರು, ತಮ್ಮ ಮನೆಯ ಹೊತ್ತಿಗೆ ಮರೆಯುತ್ತಾರೆಯೇ, ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀರಿ ಎಂದರು.

ಕಾಶೀಬಾಯಿ ಅವರನ್ನು ಗೇಟಿನ ಹೊರಗೆ, ರಸ್ತೆಯವರೆಗೆ ಕರೆದುಕೊಂಡು ಹೋದಳು. ನಾನು ಹಿಂದೆ ಹಿಂದೆ ನಡೆದೆ. ಅಲ್ಲಿಂದ ಮನೆಯತ್ತ ಕೈ ತೋರಿಸಿದಳು.

“ಆ ಕಂಬಾ ನೋಡ್ರಿ. ಬಚ್ಚಲಮನಿ ಕಿಡಕಿ ನೋಡ್ರಿ. ನೀರಿನ ಟಾಕಿಗೆ ಹೆಂಚು ಹೊಚ್ಚಿದ್ದು ನೋಡ್ರಿ. ವಿಚಾರ ಮಾಡೋ ಮನಶ್ಯಾ ಮಾಡೋ ಕೆಲಸ ಏನ್ರಿ ಇದು?”

ದತ್ತೋಪಂತರು ಗ್ರೀಸಿನಿಂದ ಶುರುಮಾಡಿ ಗೋವಾ, ರಾಜಸ್ಥಾನಗಳನ್ನು ಹಾಯ್ದು, ಕತ್ತು ಎತ್ತಿ ಕೇರಳದ ತನಕ ಹೋದರು. ನೋಡುತ್ತ ನೋಡುತ್ತ ಅವರ ಮುಖ ತಿಳಿಯಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಎಷ್ಟು ಕರುಣೆಯಿತ್ತು!

“ಖರೇ ಅದರಿ ವೈನಿ,” ಎಂದರು. “ಇದರಾಗ ವಿಚಾರ ಮಾಡಿದ್ದು ಏನೂ ಕಾಣವಲ್ದು. ಸಕ್ಕರಿ ತರ್ರಿ.”