ಜೋಪಾನಪ್ಪನವರು ವೇಗ ಏರಿಸಿದ್ದು

ಲಿಫ್ಟ್ ತಪಾಸಣೆ ಮಾಡುವ ಕೆಲಸದವರಾದ್ದರಿಂದಲೋ ಏನೋ, ಅವರು ಗ್ಯಾಸ್ ಆರಿಸಿದ ಮೇಲೆ ಇನ್ನೊಮ್ಮೆ ಹೋಗಿ ಆರಿಸಿ ಬರುತ್ತಾರೆ. ಮಂಚದಿಂದ ಇಳಿಯುವಾಗಲೂ ಕೆಳಗೆ ನೆಲ ಇದೆಯೇ ಎಂದು ನೋಡಿಕೊಳ್ಳುತ್ತಾರೆ. (ಬಾಗಿಲು ತೆರೆದಾಗ ಒಳಗೆ ಲಿಫ್ಟೇ ಇಲ್ಲದ್ದನ್ನು ಕಂಡವರ ಅಭ್ಯಾಸ ಅದು; ನಗಬಾರದು.) ಬಂಧುಬಳಗವೆಲ್ಲ ಹುಟ್ಟುಹೆಸರು ಮರೆತು ಅವರನ್ನು ಜೋಪಾನಪ್ಪ ಎಂದೇ ಕರೆಯುತ್ತಿತ್ತು. ಇಂಥವರು ಒಂದು ಶನಿವಾರ ಮಧ್ಯಾಹ್ನ ಕಂಪ್ಯೂಟರಿನ ವೇಗ ಏರಿಸುತ್ತೇನೆಂದು ಸ್ಕ್ರೂಡ್ರೈವರ್ ಹಿಡಿದು ನಿಂತಾಗ ಹೆಂಡತಿಯ ಎದೆ ಧಸಕ್ಕೆಂದಿತು.

ಆ ಅಗ್ಗದ ಕಂಪ್ಯೂಟರೇ ಆಕೆಯ ಅನ್ನದ ಬಟ್ಟಲು. ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿ ಸ್ಟುಡಿಯೊದವನಿಗೆ ಕೊಡುವುದು ಆಕೆಯ ಕೆಲಸ. ಜೋಡಿಸಿದ್ದನ್ನು ಒಂದೇ ಫೈಲಾಗಿ ಹೊರತೆಗೆಯಲು ಆ ಯಂತ್ರ ಎರಡು ಗಂಟೆ ಏದುಸಿರು ಬಿಡುತ್ತಿತ್ತು. ಹೋದ ಸಲ ತಡವಾದಾಗ ಸ್ಟುಡಿಯೊದವನು ಮುಖ ಗಂಟಿಕ್ಕಿಕೊಂಡು, "ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀನಿ ಅಕ್ಕಾ" ಎಂದಿದ್ದ. ಇವತ್ತು ಐದಕ್ಕೆ ಅವನು ಬರುವವನಿದ್ದ.

"ರೀ, ಇವತ್ತೇ ಬೇಕಿತ್ತಾ ಇದು?"

"ಓವರ್‌ಕ್ಲಾಕಿಂಗ್ ಅಂತಾರೆ ಕಣೇ. ಪ್ರೊಸೆಸರ್ ಕೆಲಸಕ್ಕೆ ಒಂದು ಕ್ಲಾಕ್ ತಾಳ ಹಾಕ್ತಾ ಇರುತ್ತೆ. ತಾಳ ಜೋರಾದ್ರೆ ಕೆಲಸಾನೂ ಜೋರು. ಸ್ವಲ್ಪ ಏರಿಸೋದು, ಬಿಸಿ ನೋಡೋದು, ಮತ್ತೆ ಏರಿಸೋದು. ವೋಲ್ಟೇಜ್ ತಂಟೆಗೆ ಹೋಗೋದೇ ಇಲ್ಲ. ಜೋಪಾನವಾಗಿ ಮಾಡ್ತೀನಿ."

"ಒಂದು ವರ್ಷದಿಂದ ಆ ಡಬ್ಬದ ಧೂಳು ಹೊಡೀರಿ ಅಂತಿದೀನಿ. ಒಳಗೆ ಕರೆಂಟಿರುತ್ತೆ, ಮುಟ್ಟಬಾರ್ದು ಅಂದೋರು ನೀವೇ!"

"ಅದು ಕಸ ಗುಡಿಸೋದು. ಇದು ತಂತ್ರಜ್ಞಾನ."

ರಬ್ಬರ್ ಚಪ್ಪಲಿ ಮೆಟ್ಟಿ, ಪಕ್ಕದಲ್ಲೊಂದು ಬಕೆಟ್ ಮರಳಿಟ್ಟುಕೊಂಡು, ವೈರನ್ನು ಗೋಡೆಯಿಂದ ಕಿತ್ತು, ಜೋಪಾನಪ್ಪನವರು ಡಬ್ಬ ಬಿಚ್ಚಿದರು. ಒಳಗಿನ ಫ್ಯಾನು ಧೂಳಿನ ಕಂಬಳಿ ಹೊದ್ದು ಮಲಗಿತ್ತು. ಸೀನುತ್ತಾ ಸೀನುತ್ತಾ ಬ್ರಷ್ಷಿನಿಂದ ಅದನ್ನೆಲ್ಲ ಕಿತ್ತು ತೆಗೆದರು. ಫ್ಯಾನಿನ ಅಡಿಗೆ ಬಿಸಿ ಎಳೆದುಕೊಳ್ಳುವ ಹೊಸ ಪೇಸ್ಟ್ ಸವರಿದರು. ಇದೆಲ್ಲ ಪೂರ್ವಸಿದ್ಧತೆ ಮಾತ್ರ ಎಂದು ಘೋಷಿಸಿದರು.

ಬಳಿಕ ಮದುವೆ ವಿಡಿಯೊದ ಒಂದು ಚಿಕ್ಕ ತುಣುಕಿಟ್ಟುಕೊಂಡು ಪರೀಕ್ಷೆ ಶುರುವಾಯಿತು. ಮೊಬೈಲಿನಲ್ಲಿ ಓವರ್‌ಕ್ಲಾಕಿಂಗ್ ಪಾಠ ಓಡುತ್ತಿದ್ದರಿಂದ ಹೊತ್ತು ಅಳೆಯಲು ನಡುಮನೆಯ ಗೋಡೆ ಗಡಿಯಾರವೇ ಗತಿ. ಮೊದಲ ಸಲ ಹನ್ನೆರಡು ನಿಮಿಷ. ತಾಳವನ್ನು ಒಂದು ಮೆಟ್ಟಿಲು ಏರಿಸಿದರು, ಹನ್ನೆರಡೇ ನಿಮಿಷ. ಇನ್ನೊಂದು ಏರಿಸಿದರು, ಗಡಿಯಾರ ಹಟಮಾರಿಯಂತೆ ಅಷ್ಟನ್ನೇ ತೋರಿಸಿತು.

"ಸಾಕು ಬಿಡ್ರೀ, ನನ್ನ ಕೆಲಸ ಇದೆ."

"ವ್ಯತ್ಯಾಸ ಕಾಣೋವರೆಗೂ ಬಿಡಲ್ಲ."

ಹೆಂಡತಿಗೆ ಅಳುವೇ ಬಂತು. ಐದಕ್ಕೆ ಬರುವವನ ಗಂಟು ಮುಖ ಕಣ್ಣಮುಂದೆ ಸುಳಿಯಿತು. ನೆಟ್ಟಗೆ ನಡುಮನೆಗೆ ಹೋದಳು. ಜೋಪಾನಪ್ಪನವರು ಮೇಜಿನಡಿ ಮಲಗಿ ಫ್ಯಾನಿಗೆ ಕಿವಿಗೊಟ್ಟಿದ್ದಾಗ ಆಚೆ ಸ್ಟೂಲು ಎಳೆದ ಸದ್ದಾಯಿತು.

"ಏನದು?"

"ಧೂಳು ಒರೆಸ್ತಿದೀನಿ!"

ಆ ಸಲದ ಪರೀಕ್ಷೆ ಆರೇ ನಿಮಿಷಕ್ಕೆ ಮುಗಿಯಿತು! ಜೋಪಾನಪ್ಪನವರು ಮೇಲೇಳುವ ಭರದಲ್ಲಿ ಮೇಜಿಗೆ ತಲೆ ಚಚ್ಚಿಕೊಂಡರು. (ಆ ದಿನ ಅವರು ಜೋಪಾನ ಮರೆತದ್ದು ಅದೊಂದೇ ಗಳಿಗೆ.) "ನೋಡ್ದೆಯಾ? ಅರ್ಧಕ್ಕರ್ಧ!" ಎಂದು ಎದೆಯುಬ್ಬಿಸಿ ಕುರ್ಚಿ ಬಿಟ್ಟುಕೊಟ್ಟರು. ಹೆಂಡತಿ ಕುಳಿತವಳೇ ಇಡೀ ವಿಡಿಯೊವನ್ನು ಓಡಲು ಬಿಟ್ಟಳು. ಆಗಲೇ ಮೂರೂವರೆ ದಾಟಿತ್ತು.

ಗೆದ್ದವರು ಸುಮ್ಮನಿರಬೇಕಲ್ಲ! ನಾಲ್ಕಾಗುತ್ತಲೇ ಜೋಪಾನಪ್ಪನವರ ತಲೆಯಲ್ಲಿ ಲೆಕ್ಕಾಚಾರ ಎದ್ದಿತು.

"ಎರಡು ಗಂಟೆ ಕೆಲಸ ಈಗ ಒಂದೇ ಗಂಟೆ. ನಿಲ್ಸಿ ಇನ್ನೊಂದು ಮೆಟ್ಟಿಲು ಏರಿಸಿದ್ರೆ ಮುಕ್ಕಾಲು ಗಂಟೇಲಿ ಮುಗಿಯುತ್ತೆ. ಬೇಕಾದಷ್ಟು ಹೊತ್ತಿದೆ" ಎನ್ನುತ್ತಾ ಬಟನ್ನಿಗೆ ಬೆರಳು ಚಾಚಿದರು.

"ಅಯ್ಯೋ, ಮುಟ್ಬೇಡಿ!" ಹೆಂಡತಿ ಆ ಬೆರಳನ್ನೇ ಹಿಡಿದುಬಿಟ್ಟಳು. "ಯಾವ ಅರ್ಧವೂ ಇಲ್ಲ! ನೀವು ಒಳಗಿನ ಕ್ಲಾಕ್ ಮುಂದಕ್ಕೆ ತಳ್ತಿದ್ರಿ, ನಾನು ಗೋಡೆ ಮೇಲಿನ ಕ್ಲಾಕ್ ಆರು ನಿಮಿಷ ಹಿಂದಕ್ಕೆ ತಳ್ಳಿದೆ. ಇಲ್ದಿದ್ರೆ ನೀವು ಏಳ್ತಿದ್ರಾ?"

ಜೋಪಾನಪ್ಪನವರು ಮೆಲ್ಲನೆ ಮರಳಿನ ಬಕೆಟ್ಟಿನ ಅಂಚಿನ ಮೇಲೆ ಕುಳಿತರು. ಹೆಂಡತಿ ಪರದೆಯಿಂದ ಕಣ್ಣು ಕೀಳಲಿಲ್ಲ. ಎರಡು ಗಂಟೆ ಹಿಡಿದರೆ ಐದೂವರೆಯಾಗುತ್ತದೆ. ಕೆಲಸ ಹೋಯಿತೆಂದೇ ಲೆಕ್ಕ.

ಐದಕ್ಕೆ ಸರಿಯಾಗಿ ಬಾಗಿಲ ಗಂಟೆ ಮೊಳಗಿತು. ಸ್ಟುಡಿಯೊದವನು ಒಳಗೆ ಕಾಲಿಡುವುದಕ್ಕೂ ಪರದೆಯ ಮೇಲೆ ಮುಗಿಯಿತೆಂಬ ಸೂಚನೆ ಬರುವುದಕ್ಕೂ ಸರಿಹೋಯಿತು. ಹೆಂಡತಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಓವರ್‌ಕ್ಲಾಕಿಂಗ್!" ಎಂದು ಜೋಪಾನಪ್ಪನವರು ಬಕೆಟ್ ಬಿಟ್ಟೆದ್ದರು. "ನಾನೇ ವೇಗ ಏರಿಸಿದ್ದು!"

ಸ್ಟುಡಿಯೊದವನು ಡಬ್ಬದೊಳಗೆ ಇಣುಕಿದ. "ಇದರದ್ದಾ? ಆಗಲ್ಲ ಸಾರ್. ಅಗ್ಗದ ಪ್ರೊಸೆಸರ್, ಹುಟ್ಟುವಾಗ್ಲೇ ಬೀಗ ಹಾಕಿರ್ತಾರೆ. ನೀವೇನೇ ಅಂಕಿ ಬದಲಾಯಿಸಿದ್ರೂ ಅದು ಕೇಳಲ್ಲ." ಎಂದರೆ, ಬೀಗ ಬಿದ್ದ ವಸ್ತುವಿನ ಮುಂದೆ ಇವರು ಮಧ್ಯಾಹ್ನವೆಲ್ಲ ಬೀಗಿದ್ದರು. "ಧೂಳು ಹೊಡೆದಿದ್ದೀರಲ್ಲ, ಅದೇ ಕಾರಣ. ಧೂಳಿನ ಬಿಸಿಗೆ ಕಾದು ಕಾದು ತಾನೇ ನಿಧಾನ ಆಗಿತ್ತು, ಪಾಪ. ಯಾರು ಕ್ಲೀನ್ ಮಾಡಿದ್ದು? ಫಸ್ಟ್‌ಕ್ಲಾಸಾಗಿದೆ!"

"ಇವರೇ" ಎಂದಳು ಹೆಂಡತಿ. ಒಂದು ವರ್ಷದ ಧೂಳಿನ ಸೇಡೆಲ್ಲ ಆ ಒಂದು ಮಾತಿನಲ್ಲಿತ್ತು.

"ನಮ್ಮ ಸ್ಟುಡಿಯೊದಲ್ಲೂ ನಾಲ್ಕಿವೆ ಸಾರ್. ನಾಳೆ ಬಂದುಬಿಡಿ."

ಬರುತ್ತಾರೆ ಎಂದು ಹೆಂಡತಿ ಆಗಲೇ ಒಪ್ಪಿಕೊಂಡಾಗಿತ್ತು. ಮರುದಿನ ರಬ್ಬರ್ ಚಪ್ಪಲಿ ಮೆಟ್ಟಿ ನಿಂತ ಜೋಪಾನಪ್ಪನವರು ಗೋಡೆಯತ್ತ ನೋಡಿ, "ಇನ್ನೂ ಹೊತ್ತಿದೆಯಲ್ಲ" ಎಂದು ಗೊಣಗಿದರು.

"ಅದನ್ನ ನಂಬಬೇಡಿ, ಇನ್ನೂ ಸರಿ ಮಾಡಿಲ್ಲ" ಎಂದು ಹೆಂಡತಿ ಅವರ ಕೈಗೆ ಬ್ರಷ್ ಕೊಟ್ಟಳು. "ಹೊರಡಿ. ಜೋಪಾನ!"