ಮಾವನ ಮುಖದ ನಾಯ್ಸು

ಅತ್ತೆ ಮಾವನ ಮದುವೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ ಅಳಿಯ ಪಂಡಿತರು ಒಂದು ಘೋರ ಪ್ರತಿಜ್ಞೆ ಮಾಡಿದರು. ಅಂಗೈಯಗಲದ ಮದುವೆ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಗೋಡೆಗೇರಿಸುವುದು. ಅದೂ ಸ್ಟುಡಿಯೋದವರ ಹಂಗಿಲ್ಲದೆ, ಸ್ವಹಸ್ತದಿಂದ. ಪಂಡಿತ ಎಂಬುದು ಆಫೀಸಿನವರು ಕೊಟ್ಟ ಬಿರುದು. ಕೆಟ್ಟಿತೆಂದು ಎಲ್ಲರೂ ಕೈಬಿಟ್ಟಿದ್ದ ಪ್ರಿಂಟರಿಗೆ ಇವರು ಪ್ಲಗ್ ಸಿಕ್ಕಿಸಿ ಜೀವದಾನ ಮಾಡಿದ್ದರು. ಅಂದಿನಿಂದ ಕಂಪ್ಯೂಟರ್ ಪಂಡಿತರು. ಅದರಲ್ಲಿದ್ದ ಕುಹಕ ಅವರಿಗೆ ತಟ್ಟಿರಲೇ ಇಲ್ಲ.

"ಹುಷಾರು ರೀ, ಅವರ ಮದುವೆಯದು ಅಂತ ಇರೋದು ಅದೊಂದೇ ಫೋಟೋ," ಎಂದಳು ಹೆಂಡತಿ.

"ಸ್ಕ್ಯಾನ್ ಮಾಡಿ ಹಾಗೇ ವಾಪಸ್ ಕೊಡ್ತೀನಿ. ಆಮೇಲೆ ನೋಡ್ತಿರು."

ಕೊಟ್ಟರು. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ, ಮದುಮಕ್ಕಳ ಮೇಲೆ ಯಾರೋ ಬುಟ್ಟಿಗಟ್ಟಲೆ ಮರಳು ಸುರಿದ ಹಾಗಿತ್ತು.

"ನಾಯ್ಸ್ ಜಾಸ್ತಿಯಿದೆ," ಎಂದರು ಪಂಡಿತರು, ರೋಗಿಯ ನಾಡಿ ಹಿಡಿದವರಂತೆ.

ಹೆಂಡತಿ ಕಿವಿಗೊಟ್ಟಳು. "ನಂಗೇನೂ ಕೇಳಿಸ್ತಿಲ್ಲ."

"ಸದ್ದಲ್ಲ ಕಣೇ, ಈ ಚುಕ್ಕಿಗಳು. ಇರಬಾರದ ಕಡೆ ಇರೋವು."

"ಅಮ್ಮನ ಬಟ್ಟೆ ಮೇಲಿರೋ ಚುಕ್ಕಿ?"

"ಅದು ಡಿಸೈನು. ಅಷ್ಟೂ ಗೊತ್ತಾಗಲ್ವಾ?"

ಪಂಡಿತರಿಗೆ ಗೊತ್ತಾಗುತ್ತಿತ್ತು, ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಪರದೆಯ ಮೇಲಿನ ನಾಯ್ಸ್ ತೆಗೆಯುವ ಗುಂಡಿಯನ್ನು ಮೌಸಿನಿಂದ ಸ್ವಲ್ಪ ಬಲಕ್ಕೆ ಎಳೆದರು. ಹಿಂದಿನ ಗೋಡೆ ಆಗಷ್ಟೇ ಸುಣ್ಣ ಬಳಿದಂತೆ ನುಣ್ಣಗಾಯಿತು. ರುಚಿ ಹತ್ತಿತು. ಇನ್ನೂ ಎಳೆದರು. ಬಟ್ಟೆಯ ಚುಕ್ಕಿ, ಅತ್ತೆಯ ಗಲ್ಲದ ಮಚ್ಚೆ, ಮಾವನ ಕೆನ್ನೆಯ ಸಿಡುಬಿನ ಗುರುತು ಎಲ್ಲವೂ ಹೇಳದೆ ಕೇಳದೆ ಊರು ಬಿಟ್ಟವು. ಮಾವನ ಮೀಸೆ ಮಸಿಯಾಗಿ ಹರಡಿತು. ಪಂಡಿತರು ಧೃತಿಗೆಡದೆ ಹೊಸ ಮೀಸೆಯನ್ನೇ ಬರೆದರು. ಕಣ್ಣುಗಳು ಮಂಕಾದವೆಂದು ಹೊಳಪು ಕೊಟ್ಟರು. ಹೊಳಪು ಹೆಚ್ಚಾಗಿ, ಇಬ್ಬರೂ ಕಳ್ಳನನ್ನು ಕಂಡವರಂತೆ ಕಣ್ಣರಳಿಸಿ ನಿಂತರು.

"ಸಾಕು ಬಿಡ್ರೀ. ಆ ಮರಳೇ ವಾಸಿಯಿತ್ತು."

"ಕಲೆ ಅಂದ್ರೆ ನಿಂಗೇನು ಗೊತ್ತು?"

"ಗೊತ್ತಿಲ್ದೆ ಏನು? ಅಪ್ಪನ ಕೆನ್ನೆ ಮೇಲಿತ್ತು. ಎಲ್ಲಿ ಹೋಯ್ತು ಹೇಳಿ."

ಪಂಡಿತರು ಹೊಸ ಮೀಸೆಗೆ ಇನ್ನೊಂದು ಎಳೆ ಸೇರಿಸಿ ಚಿತ್ರವನ್ನು ಪ್ರಿಂಟಿಗೆ ಕಳಿಸಿದರು.

ಐವತ್ತು ತುಂಬಿದ ದಿನ ನೆಂಟರಿಷ್ಟರು ಮನೆಯ ಹಾಲ್‌ನಲ್ಲಿ ನೆರೆದರು. ಬಾಗಿಲಿನಷ್ಟು ದೊಡ್ಡ ಚಿತ್ರ ಬೆಡ್‌ಶೀಟ್ ಹೊದ್ದು ಗೋಡೆಗೊರಗಿ ನಿಂತಿತ್ತು. ಪಂಡಿತರು ಗಂಟಲು ಸರಿಪಡಿಸಿಕೊಂಡು ಸ್ಕ್ಯಾನರ್, ನಾಯ್ಸ್, ತಮ್ಮ ತಾಳ್ಮೆ, ಈ ಮೂರರ ಮೇಲೂ ಭಾಷಣ ಮಾಡಿದರು. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳಿಗೆ ಕಷ್ಟವಾಯಿತು. ಕೊನೆಗೆ ಬೆಡ್‌ಶೀಟ್ ಎಳೆದರು.

ಹಾಲ್‌ನಲ್ಲಿ ಒಂದಿಷ್ಟೂ ನಾಯ್ಸ್ ಇರಲಿಲ್ಲ.

ಮಾವ ಕನ್ನಡಕ ಹಾಕಿಕೊಂಡರು. ಹತ್ತಿರ ಹೋಗಿ ನೋಡಿದರು, ಹಿಂದೆ ಸರಿದು ನೋಡಿದರು. ಅಳಿಯನ ಮನಸ್ಸು ನೋಯಿಸುವ ಪೈಕಿಯಲ್ಲ ಅವರು. ಪ್ರಾಮಾಣಿಕವಾಗಿಯೇ ನೆನಪು ಕೆದಕುತ್ತಿದ್ದರು. ಪಂಡಿತರು ಹೊಗಳಿಕೆಗಾಗಿ ತಲೆಯನ್ನು ವಿನಯದಿಂದ ಬಾಗಿಸಿ ಸಿದ್ಧರಾದರು.

ಮಾವ ಅತ್ತೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇವರಿಬ್ರೂ ನಮ್ಮ ಮದುವೆಗೆ ಬಂದಿದ್ರೇನೇ?"

ಅತ್ತೆ ಇನ್ನೊಮ್ಮೆ ದಿಟ್ಟಿಸಿದರು.

"ಬಂದಿರ್ಬೇಕು. ಉಡುಗೊರೆ ಏನು ಕೊಟ್ರೋ ನೆನಪಿಲ್ಲ."